ಹೂಂ ಅಂದ ಬೇಗಂ

ಆಳಂದದ ಖಾದರಸಾಬರು ಅಫಜಲಪುರ ಬಸ್ಸಿನ ಡ್ರೈವರಾಗಿ ರಿಟೈರಾದವರು. ಬಸ್ಸಿನ ಸ್ಟಿಯರಿಂಗು ಅವರ ಕೈಯಲ್ಲಿದ್ದರೂ ಮನೆಯ ಸ್ಟಿಯರಿಂಗು ಹೆಂಡತಿ ಖುರ್ಷಿದಬೇಗಂ ಕೈಯಲ್ಲೇ ಇತ್ತು. (ಬ್ರೇಕೂ ಆಕೆಯದೇ.) ಎರಡನೇ ಚಹಾ ಕೇಳಿದರೆ ಆಕೆಯ ತಲೆ ಅತ್ತಿತ್ತ ಆಡುತ್ತಿತ್ತು. ಜೇವರ್ಗಿ ಗೆಳೆಯನ ಮನೆಗೆ ಹೋಗಿಬರಲೇ ಅಂದರೂ ಅತ್ತಿತ್ತ. ಬಾಯಿ ಬಿಟ್ಟು ‘ಬ್ಯಾಡ’ ಅನ್ನುವ ತೊಂದರೆಯನ್ನು ಆಕೆ ಎಂದೂ ತೆಗೆದುಕೊಂಡವಳಲ್ಲ.

ಹೋದ ರಂಜಾನಿಗೆ ಮುಂಚೆ ಬೇಗಂ ತೀರಿಕೊಂಡಳು. ಅಂದಿನಿಂದ ಸಾಹೇಬರು ಸರ್ವತಂತ್ರ ಸ್ವತಂತ್ರರು. ಆದರೆ ಬೇಡ ಅನ್ನುವವರೇ ಇಲ್ಲದ ಮನೆಯಲ್ಲಿ ಅವರಿಗೆ ಏನೂ ಬೇಕೆನಿಸಲಿಲ್ಲ.

ಮಗಳು ನಸ್ರೀನ ಶಾಲೆಯ ಟೀಚರು. ಒಂದು ದಿನ ಮಕ್ಕಳಿಗೆ ತೋರಿಸಲೆಂದು, ಹಿಡಿಕೆ ತಿರುಗಿಸಿದರೆ ಕುಣಿಯುವ ರಟ್ಟಿನ ನವಿಲು ಮಾಡಿದಳು. ಅದನ್ನು ಕಂಡದ್ದೇ ತಡ, ಸಾಹೇಬರಿಗೆ ಮಹಾವಿಚಾರವೊಂದು ಹೊಳೆಯಿತು. ಚಪ್ಪಲಿ ಡಬ್ಬಿ ತಂದರು. ಸೈಕಲ್ ಕಡ್ಡಿ ಬಗ್ಗಿಸಿ ಹಿಡಿಕೆ ಮಾಡಿದರು. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಬಿಲ್ಲೆ ಮಾಡಿ, ಅಂಚಿನ ಹತ್ತಿರ ತೂತು ಕೊರೆದು ಕಡ್ಡಿಗೆ ಪೋಣಿಸಿದರು. ಬಿಲ್ಲೆಯ ಮೇಲೆ ಅಗಲ ಬುಡದ ಒಂದು ಕೋಲು, ಕೋಲಿಗೆ ಚಿಂದಿಯ ತಲೆ, ತಲೆಗೆ ಬೇಗಂಳ ಹಸಿರು ದುಪಟ್ಟಾದ ತುಂಡು. ನಮಾಜಿನ ಮನೆಯಲ್ಲಿ ಮುಖ ಬರೆಯುವುದು ಸಲ್ಲದೆಂದು ಕಣ್ಣು ಮೂಗು ಬಿಟ್ಟರು. ತಲೆ ಅತ್ತಿತ್ತ ಆಡಿದರೆ ಸಾಕು, ಅದು ಆಕೆಯೇ.

ಬಿಸ್ಮಿಲ್ಲಾ ಎಂದು ತಿರುಗಿಸಿದರು. ತಲೆ ಮೇಲೆ ಹೋಯಿತು, ಕೆಳಗೆ ಬಂತು. ಮತ್ತೆ ಮೇಲೆ, ಮತ್ತೆ ಕೆಳಗೆ.

“ಬೇಗಂ, ಇನ್ನೊಂದು ಚಾ ಕುಡೀಲೇನು?”

ಹೂಂ.

“ಸಕ್ಕರಿ ಜಾಸ್ತಿ ಹಾಕಿ?”

ಹೂಂ.

“ಜೇವರ್ಗಿಗಿ ಹೋಗ್ಲೇನು?”

ಹೂಂ, ಹೂಂ.

ಸಾಹೇಬರಿಗೆ ಅಳು ಬಂತು. ಇಡೀ ಸಂಸಾರದಲ್ಲಿ ಸಿಗದ ಹೂಂ ಎಲ್ಲ ಒಟ್ಟಿಗೆ ಸಿಕ್ಕಿತ್ತು, ಆದರೆ ಇವಳ್ಯಾರೋ ಪರಹೆಂಗಸು! ಬಿಚ್ಚಿ ಎಸೆಯಬೇಕೆಂದವರು ಕೊನೆಗೆ ಇನ್ನೊಂದು ಮಾತು ಕೇಳಿಯೇಬಿಟ್ಟರು.

“ಮನಿಗಿ ಹೊಳ್ಳಿ ಬರ್ತಿಯೇನು?”

ಹಿಡಿಕೆ ಮೆಲ್ಲಗೆ ತಿರುಗಿತು. ಹೂಂ.

ಬಾಗಿಲಲ್ಲಿ ನಿಂತಿದ್ದ ನಸ್ರೀನ ಹಸಿರು ದುಪಟ್ಟಾ ನೋಡಿ ಎಲ್ಲ ತಿಳಿದುಕೊಂಡಳು. “ಅಮ್ಮಿ ಹಿಂಗ ಎಲ್ಲಿ ಹೂಂ ಅಂತಿದ್ದಳು ಅಬ್ಬಾ? ಬಿಲ್ಲಿ ಕೋಲಿನ ಕೆಳಗ ನಟ್ಟನಡು ಕೂಡಿಸೀರಿ. ಆ ಕಡಿ ಒಂದು, ಈ ಕಡಿ ಒಂದು ಅರ್ಧ ಬಿಲ್ಲಿ ಹಚ್ಚಿದ್ರ ತಲಿ ಅಮ್ಮಿ ಹಾಂಗೇ ಆಡ್ತದ. ಕೊಡ್ರಿ ಇಲ್ಲಿ, ನಾ ರಿಪೇರಿ ಮಾಡ್ತೇನಿ.”

ಸಾಹೇಬರು ಡಬ್ಬಿಯನ್ನು ಎದೆಗೆ ಅವುಚಿಕೊಂಡರು. ಬಾಯಿ ಬಿಡಲಿಲ್ಲ. ತಲೆ ಮಾತ್ರ ಅತ್ತಿತ್ತ ಆಡಿಸಿದರು.

“ಯಾ ಅಲ್ಲಾ, ಥೇಟ್ ಅಮ್ಮಿ!” ಎಂದ ನಸ್ರೀನ ನಗಲು ಹೋಗಿ ಕಣ್ಣೊರೆಸಿಕೊಂಡಳು.

ಅವತ್ತಿನಿಂದ ಎರಡನೇ ಚಹಾ ಮತ್ತೆ ಬೇಕೆನಿಸಿತು, ಮತ್ತೆ ಬಂದ್ ಆಯಿತು. ಬೇಡ ಅನ್ನುವ ತಲೆ ಈಗ ಸಾಹೇಬರ ಹೆಗಲ ಮೇಲೆಯೇ ಇತ್ತಲ್ಲ.