ಜಗಲಿಯಲ್ಲಿ ಅಳೆದ ಒಳಮನೆಯ ಗಾಳಿ

ಮೊಳಕಾಲ್ಮೂರು, ೩ ಮಾರ್ಚ್ ೨೦೦೩

ಮನೆಗಾಳಿ ಸಮೀಕ್ಷೆಯ ಅಧಿಕಾರಿಗಳಾದ ಮಾನ್ಯರೇ,

ತಾವು ನಮ್ಮ ಬೀದಿಯ ಗಾಳಿಯನ್ನು ಅಳೆದು ಅದನ್ನು ನಮ್ಮ ಮನೆಯೊಳಗಿನ ಗಾಳಿ ಎಂದು ಬರೆದಿದ್ದೀರಿ. ತಪ್ಪನ್ನು ಮೊದಲೇ ಹೇಳಿಬಿಟ್ಟರೆ ಉಳಿದ ಪತ್ರದ ತುಂಬ ತಮ್ಮನ್ನು ಹೊಗಳಲು ಜಾಗ ಸಿಗುತ್ತದೆಂದು ಸಾಷ್ಟಾಂಗ ನಮಸ್ಕಾರಗಳನ್ನು ಎರಡನೆಯ ಸಾಲಿಗೆ ತಳ್ಳಿದ್ದೇನೆ, ಕ್ಷಮಿಸಬೇಕು.

ಕಳೆದ ಅಕ್ಟೋಬರಿನಲ್ಲಿ ತಾವು ನಮ್ಮ ನೇಕಾರರ ಬೀದಿಗೆ ರೇಡಾನ್ ಅಳೆಯುವ ಪುಟ್ಟ ಡಬ್ಬಿಗಳನ್ನು ತಂದಿರಿ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ಕಲ್ಲುಮಣ್ಣಿನಿಂದ ಎದ್ದು ಮುಚ್ಚಿದ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು ಎಂದು ತಾವೇ ಹಂಚಿದ ಕರಪತ್ರವನ್ನು ನಾನು ಹನ್ನೊಂದು ಸಲ ಓದಿದ್ದೇನೆ. ತಾವೂ ಒಮ್ಮೆ ಓದಬಹುದು. ನನ್ನ ಅಪ್ಪ ರಂಗಯ್ಯನವರು ನೆಲದಲ್ಲಿ ತೋಡಿದ ಮಗ್ಗದ ಗುಂಡಿಗೆ ಕಾಲಿಳಿಸಿ ದಿನಕ್ಕೆ ಹತ್ತು ಗಂಟೆ ರೇಷ್ಮೆ ಸೀರೆ ನೇಯುತ್ತಾರೆ. ಗಾಳಿ ತಾಗಿದರೆ ಎಳೆ ಒಣಗಿ ಕಡಿಯುತ್ತದೆಂದು ಕಿಟಕಿ ಮುಚ್ಚಿಯೇ ಇರುತ್ತದೆ. ರೇಡಾನಿಗೆ ಇದಕ್ಕಿಂತ ಅನುಕೂಲವಾದ ಬಿಡಾರ ಜಿಲ್ಲೆಯಲ್ಲಿ ಸಿಗಲಾರದು.

ಮಗ್ಗದ ಕೋಣೆಗೆ ನಮ್ಮಲ್ಲಿ ಯಾರೂ ಪಾದರಕ್ಷೆ ಮೆಟ್ಟಿಕೊಂಡು ಹೋಗುವುದಿಲ್ಲ. ತಮ್ಮದು ಲೇಸು ಕಟ್ಟುವ ಬೂಟು. ನಲವತ್ತು ಹೊಸ್ತಿಲುಗಳಲ್ಲಿ ನಲವತ್ತು ಸಲ ಬಿಚ್ಚಿ ಕಟ್ಟುವ ಕಷ್ಟವನ್ನು ಕ್ಷಣಕಾಲ ಚಿಂತಿಸಿದ ತಾವು, ಡಬ್ಬಿಗಳನ್ನೆಲ್ಲ ಜಗಲಿಯ ಕಂಬಗಳಿಗೇ ಕಟ್ಟಿಸಿದಿರಿ. "ಒಳಗೆ ಕಟ್ರಿ ಸಾಮಿ, ಉಸ್ರಾಡೋರು ಅಲ್ಲಿ ಅವ್ರೆ" ಎಂದರು ನನ್ನ ಅವ್ವ ಈಶ್ವರಮ್ಮ. "ಬಿಡೇ, ದೊಡ್ಡೋರು ಬಗ್ಗಿದ್ರೆ ಪ್ಯಾಂಟಿನ ಇಸ್ತ್ರಿ ಕೆಡ್ತೈತೆ" ಎಂದು ಅಪ್ಪ ತಮ್ಮ ಪರ ವಹಿಸಿದರು.

ಮೂರು ತಿಂಗಳು ಆ ಡಬ್ಬಿಗಳು ಬೀದಿಯ ಧೂಳನ್ನೂ ಬಳ್ಳಾರಿ ಬಸ್ಸಿನ ಹೊಗೆಯನ್ನೂ ನಿಷ್ಠೆಯಿಂದ ಸೇವಿಸಿದವು. ಈಗ ತಮ್ಮ ವರದಿ ಬಂದಿದೆ: ಮನೆಯೊಳಗಿನ ಗಾಳಿ ನಿರಪಾಯ. ಅಪ್ಪ ಅದನ್ನು ಮಗ್ಗದೆದುರಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಅವರು ಕೆಮ್ಮಲು ಶುರುಮಾಡಿ ಎರಡು ವರ್ಷವಾಯಿತು. ಆಸ್ಪತ್ರೆಗೆ ಹೋಗೋಣ ಎಂದರೆ ಆ ಕಾಗದದತ್ತ ಬೆರಳು ಮಾಡಿ, "ಸರ್ಕಾರದೋರೇ ಬರ್ಕೊಟ್ಟವ್ರೆ, ನೀನ್ಯಾವ ಡಾಕ್ಟ್ರಮ್ಮ?" ಎನ್ನುತ್ತಾರೆ. ಔಷಧಿಯಿಲ್ಲದೆ, ರೋಗಿಯನ್ನು ನೋಡದೆ, ಅಂಚೆಯ ಮೂಲಕವೇ ಕೆಮ್ಮನ್ನು ನಿರಪಾಯಗೊಳಿಸಿದ ತಮ್ಮ ಪ್ರತಿಭೆಗೆ ಈ ತಾಲ್ಲೂಕು ಚಿಕ್ಕದಾಯಿತು.

ಆದ್ದರಿಂದ ವಿನಂತಿ. ದಿನಕ್ಕೊಮ್ಮೆ ಜಗಲಿಗೆ ಬಂದು ಹಾಜರಿ ಹಾಕುವಂತೆ ರೇಡಾನಿಗೆ ಸುತ್ತೋಲೆ ಹೊರಡಿಸಬೇಕು. ಅದು ಒಪ್ಪದಿದ್ದರೆ ಅಪ್ಪನ ಶ್ವಾಸಕೋಶಗಳನ್ನು ಜಗಲಿಯ ಕಂಬಕ್ಕೆ ವರ್ಗಾಯಿಸಬೇಕು. ಎರಡಕ್ಕೂ ನಿಯಮದಲ್ಲಿ ಅವಕಾಶವಿಲ್ಲವಾದರೆ, ಒಂದು ಡಬ್ಬಿಯನ್ನು ಮಗ್ಗದ ಗುಂಡಿಯ ಪಕ್ಕದಲ್ಲಿ ಕಟ್ಟಬೇಕು.

ವರದಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ
ತಮ್ಮ ವಿಶ್ವಾಸಿ,
ಪುಷ್ಪಾ

ಮರೆತ ಮಾತು: ವರದಿ ತಪ್ಪೆಂದು ತಾವೇ ಬಾಯಿಬಿಟ್ಟು ಹೇಳಿದರೆ ಅಪ್ಪ ಅಂದೇ ಆಸ್ಪತ್ರೆಗೆ ಬರುವುದಾಗಿ ಮಾತು ಕೊಟ್ಟಿದ್ದಾರೆ. ಅವರನ್ನು ಚಳ್ಳಕೆರೆಯ ತಮ್ಮ ಕಚೇರಿಗೆ ನಾನೇ ಕರೆತರುತ್ತೇನೆ. ಕಚೇರಿ ತೆರೆಯುವುದು ಹತ್ತಕ್ಕಾದರೂ ತಾವು ದಯಮಾಡಿಸುವುದು ಹನ್ನೊಂದೂವರೆಗೆಂದು ವಿಚಾರಿಸಿಕೊಂಡಿದ್ದೇನೆ. ಮಾರ್ಚ್ ಹತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ.