ಕ್ರಿಯಾಪದ ನಿಲ್ಲುವ ಜಾಗ

ಇಂಗ್ಲಿಷ್ ಕಂಡರೆ ನನಗೆ ಭಯ ಎಂದು ಮೊನ್ನೆ ಮೊನ್ನೆಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ. ಮನೆಯಾಕೆಗೆ ಗೊತ್ತು, ಅವಳಿಗೆ ಗೊತ್ತಿಲ್ಲದ ನನ್ನ ಕೊರತೆ ಯಾವುದು ಹೇಳಿ. ಒಮ್ಮೆ ಗುಂಡ್ಲುಪೇಟೆಯಲ್ಲಿ, ಊಟಿಯ ದಾರಿ ಮತ್ತು ಕೇರಳದ ದಾರಿ ಕವಲೊಡೆಯುವಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾರಿನಲ್ಲಿ ಬಂದ ಸಂಸಾರವೊಂದು ವಯನಾಡಿಗೆ ಹೇಗೆ ಹೋಗಬೇಕೆಂದು ಇಂಗ್ಲಿಷಿನಲ್ಲಿ ಕೇಳಿತು. ದಾರಿ ನನಗೆ ಗೊತ್ತಿತ್ತು. ಅದನ್ನು ಹೇಳುವ ವಾಕ್ಯ ಗೊತ್ತಿರಲಿಲ್ಲ. ‘ಎಸ್, ಎಸ್’ ಎಂದು ಎರಡು ಸಲ ತಲೆಯಾಡಿಸಿದೆ. ಅವರು ಥ್ಯಾಂಕ್ಸ್ ಹೇಳಿ ನೇರವಾಗಿ ಊಟಿಯ ಕಡೆಗೆ ಹೋದರು. ಊಟಿಯೂ ಚೆನ್ನಾಗಿಯೇ ಇದೆ ಎಂದು ಸಮಾಧಾನ ಮಾಡಿಕೊಂಡೆ.

ಇಂಥ ನನ್ನ ಕೈಗೇ ಹತ್ತನೆಯ ತರಗತಿಯ ಇಂಗ್ಲಿಷ್ ಬಂದು ಬಿತ್ತು. ಹರವೆ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪರೀಕ್ಷೆಗೆ ಮೂರು ತಿಂಗಳಿದೆ ಎನ್ನುವಾಗ ಇಂಗ್ಲಿಷ್ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ನಮ್ಮ ಮುಖ್ಯೋಪಾಧ್ಯಾಯಿನಿ ಗಣಿತದವರು. ಲೆಕ್ಕವಿಲ್ಲದ ವಿಷಯಗಳೆಲ್ಲ ಅವರಿಗೆ ಒಂದೇ. ಭಾಷೆ ಅಂದಮೇಲೆ ಎಲ್ಲ ಭಾಷೆಯೂ ಭಾಷೆಯೇ ಅಲ್ಲವೇ, ಪಾಠಗಳೆಲ್ಲ ಮುಗಿದಿವೆ, ವ್ಯಾಕರಣವನ್ನು ಇನ್ನೊಂದು ಸಲ ತಿರುವಿಹಾಕಿಸಿ ಸಾಕು ಎಂದರು. ತಿರುವಿಹಾಕುವುದಕ್ಕೆ ಮೊದಲು ಒಂದು ಸಲವಾದರೂ ಹಾಕಿರಬೇಕಲ್ಲ ಎಂದುಕೊಳ್ಳುತ್ತ ವ್ಯಾಕರಣದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೆ ಇಂಗ್ಲಿಷ್ ವ್ಯಾಕರಣ ಶುರುವಾಯಿತು. ನೌನ್, ಪ್ರೊನೌನ್, ವರ್ಬ್‌ಗಳು ನಮ್ಮ ನಾಮಪದ, ಸರ್ವನಾಮ, ಕ್ರಿಯಾಪದಗಳೇ ಬೇರೆ ಅಂಗಿ ತೊಟ್ಟು ಬಂದವು ಎನ್ನುವಂತಿದ್ದುದರಿಂದ ಅವುಗಳ ಮಟ್ಟಿಗೆ ತೊಂದರೆಯಾಗಲಿಲ್ಲ. ಪ್ರೆಪೊಸಿಷನ್ ಸ್ವಲ್ಪ ಕಾಡಿತು. ನಾವು ‘ಮೇಜಿನ ಮೇಲೆ’ ಎಂದರೆ ಅವರು ಮೊದಲು ಮೇಲೆ ಹತ್ತಿ ಆಮೇಲೆ ಮೇಜು ಹುಡುಕುತ್ತಾರೆ. ಅದನ್ನೂ ಹೇಗೋ ದಾಟಿದೆ. ಮುಗ್ಗರಿಸಿದ್ದು ವಾಕ್ಯರಚನೆಯಲ್ಲಿ.

ತರಬೇತಿಯೊಂದರಲ್ಲಿ ಹೇಳಿಕೊಟ್ಟಿದ್ದ ಉಪಾಯ ನೆನಪಿಗೆ ಬಂತು. ಮೂವರು ಹುಡುಗಿಯರ ಕೈಗೆ ಒಂದೊಂದು ಚೀಟಿ ಕೊಟ್ಟು ಮುಂದೆ ಕರೆದೆ. ರೂಪಾಳ ಕೈಯಲ್ಲಿ ‘ಐ’, ಭಾಗ್ಯಳ ಕೈಯಲ್ಲಿ ‘ಈಟ್’, ಮತ್ತೊಬ್ಬಳ ಕೈಯಲ್ಲಿ ‘ಮುದ್ದೆ’. ಸಾಲಾಗಿ ನಿಂತು ವಾಕ್ಯವಾಗಿ ಎಂದೆ. ಭಾಗ್ಯ ನೇರವಾಗಿ ಹೋಗಿ ಕೊನೆಯಲ್ಲಿ ನಿಂತಳು. ‘ನಾನು ಮುದ್ದೆ ತಿನ್ನುತ್ತೇನೆ’ ಎಂದು ಹುಟ್ಟಿದಂದಿನಿಂದ ಹೇಳಿಕೊಂಡು ಬಂದ ಹುಡುಗಿ ಇನ್ನೆಲ್ಲಿ ನಿಂತಾಳು? ಮಧ್ಯಕ್ಕೆ ಕರೆತಂದು ನಿಲ್ಲಿಸಿದೆ. ಮುಂದಿನ ವಾಕ್ಯಕ್ಕೂ ಅವಳು ಕೊನೆಗೇ ಹೋದಳು. ಮೂರನೆಯ ಸಲವೂ ಹೋದಾಗ ನನಗೊಂದು ಹಾಳು ಚಟಾಕಿ ಹೊಳೆಯಿತು. ‘ಇಂಗ್ಲಿಷ್ ಬಸ್ಸಲ್ಲಿ ವರ್ಬ್‌ಗೆ ಮಧ್ಯದ ಸೀಟು ರಿಸರ್ವ್ ಆಗಿದ್ರೂ ಈಯಮ್ಮ ಹಿಂದಿನ ಸೀಟಿಗೇ ಓಡ್ತಾಳಲ್ಲ’ ಎಂದೆ. ತರಗತಿಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಗುವಷ್ಟು ಧೈರ್ಯ ಬಂತಲ್ಲ ಎಂಬ ಖುಷಿ ಬೇರೆ. ಭಾಗ್ಯಳೂ ನಕ್ಕಳು. ಹಾಗಾಗಿ ನಾನು ಅದನ್ನು ಅಲ್ಲಿಗೇ ಮರೆತೆ.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ವಾರದ ಕೊನೆಗೆ ಅವಳ ಗೆಳತಿ ರೂಪಾಳನ್ನು ಕೇಳಿದಾಗ ವಿಷಯ ತಿಳಿಯಿತು. ಇಂಗ್ಲಿಷ್ ತನ್ನ ತಲೆಗೆ ಹತ್ತುವುದಿಲ್ಲ, ಹೇಗೂ ಫೇಲಾಗುವವಳು ಪರೀಕ್ಷೆಗೆ ಯಾಕೆ ಕೂರಬೇಕು ಎಂದು ಅವಳು ತಾಯಿಯ ಜೊತೆ ಗುಂಡ್ಲುಪೇಟೆ ಕಡೆಗೆ ಅರಿಶಿನ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು. ‘ನೀವು ನಕ್ಕಿದ್ದಕ್ಕೆ ಸಾ’ ಎಂದು ರೂಪಾ ಹೇಳಲಿಲ್ಲ. ಆದರೆ ನನ್ನ ಮುಖ ನೋಡದೆ ನೆಲ ನೋಡುತ್ತ ನಿಂತಿದ್ದಳು.

ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಶಿಕ್ಷಣದ ಮಹತ್ವದ ಬಗ್ಗೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದು ಭಾಷಣ ಕಟ್ಟಿಕೊಂಡೆ. ತೆರಕಣಾಂಬಿ ದಾಟುವಷ್ಟರಲ್ಲಿ ಅದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೇ ಕಣ್ಣಲ್ಲಿ ನೀರಾಡಿತು. ರೂಪಾ ಹೇಳಿದ ನಿಲ್ದಾಣದಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದೆ. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕುಳಿತು, ಅಗೆದ ಅರಿಶಿನದ ಗೆಡ್ಡೆಗಳ ಮಣ್ಣು ಕೊಡವುತ್ತಿದ್ದರು. ಭಾಗ್ಯ ನನ್ನನ್ನು ಕಂಡವಳೇ ತಲೆ ತಗ್ಗಿಸಿದಳು. ಅವಳ ತಾಯಿ ಮಹದೇವಮ್ಮ ಕೈ ಒರೆಸಿಕೊಂಡು ಎದ್ದು ಬಂದರು. ದನಿ ಏರಿಸಲಿಲ್ಲ.

‘ಮೂರ್ ದಿನ ಅತ್ಲು ಸಾ ಮಗ. ಉಡುಗ್ರು ನಕ್ರೆ ನಗ್ಲಿ ಬುಡು ಅಂತ ನಾನಂದಿ. ನೀವೂ ನಕ್ಬುಟ್ರಂತಲ್ಲ.’

ಕಟ್ಟಿಕೊಂಡು ಬಂದಿದ್ದ ಭಾಷಣವನ್ನು ಬದುವಿನ ಮೇಲೆಯೇ ಬಿಟ್ಟೆ. ತಪ್ಪಾಯಿತು ಎಂದೆ. ತಾಯಿಗೆ ಹೇಳಿದ್ದು ಸಾಲದೆನಿಸಿ ಭಾಗ್ಯಳ ಎದುರಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಇನ್ನೊಮ್ಮೆ ಹೇಳಿದೆ. ಅವಳು ಕೈಯಲ್ಲಿದ್ದ ಗೆಡ್ಡೆಯ ಮಣ್ಣನ್ನು ಪೂರ್ತಿ ಕೊಡವಿದಳು. ಆಮೇಲೆ ತಲೆಯೆತ್ತದೆಯೇ ಕೇಳಿದಳು.

‘ನಿಮ್ಗೆ ಇಂಗ್ಲಿಷ್ ಬತ್ತದಾ ಸಾ?’

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ‘ಇಲ್ಲ ಕಣಮ್ಮ’ ಎಂದೆ. ‘ದಿನಾ ಬೆಳಿಗ್ಗೆ ಓದ್ಕೊಂಡು ಬರ್ತೀನಿ. ನಿಮಗಿಂತ ಒಂದು ಪುಟ ಮುಂದೆ ಇರ್ತೀನಿ, ಅಷ್ಟೇ.’

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ‘ಅಂಗಾದ್ರೆ ಬತ್ತೀನಿ ಬುಡಿ. ಎಲ್ಲಾ ಗೊತ್ತಿರೋರ ಮುಂದ ತಪ್ಪು ಮಾಡಕ್ಕೆ ಎದ್ರಿಕ ಆಯ್ತದ.’

ಮಹದೇವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, ಇಬ್ಬರೂ ಸೇರಿ ಕಲಿತುಕೊಳ್ಳಿ ಹೋಗಿ ಎಂದು ನಕ್ಕರು. ಬರುವಾಗ ನನ್ನ ಚೀಲಕ್ಕೆ ಎರಡು ಹಿಡಿ ಅರಿಶಿನದ ಗೆಡ್ಡೆ ಹಾಕಿದರು. ಬೇಡವೆಂದರೂ ಬಿಡಲಿಲ್ಲ.

ಸೋಮವಾರ ಭಾಗ್ಯ ಬಂದಳು. ಅಂದಿನಿಂದ ನಾನೂ ಗುಟ್ಟು ಬಿಟ್ಟೆ. ತಿಳಿಯದ ಪದ ಬಂದರೆ ತಿಳಿಯದು ಎಂದೆ. ನಿಘಂಟು ತೆಗೆಯುವ ಕೆಲಸ ಭಾಗ್ಯಳದ್ದಾಯಿತು. ಚೀಟಿಯ ಆಟದಲ್ಲಿ ಮಕ್ಕಳು ನನ್ನನ್ನೂ ಸೇರಿಸಿಕೊಂಡರು. ಒಂದು ದಿನ ‘ಯು ಆರ್ ಈಟಿಂಗ್’ ಎಂಬಲ್ಲಿ ನಾನು ‘ಆರ್’ ಆಗಿ ನಡುವೆ ಭದ್ರವಾಗಿ ನಿಂತಿದ್ದೆ. ಈಗ ಅದನ್ನು ಪ್ರಶ್ನೆ ಮಾಡಿ ಎಂದು ನಾನೇ ಹೇಳಿ, ನಾನೇ ಜಾಗ ಬಿಟ್ಟು ಕದಲಲಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು. ಭಾಗ್ಯ ಮಾತ್ರ ನಗಲಿಲ್ಲ. ಸಾಲಿನ ಮುಂದಿದ್ದ ಖಾಲಿ ಜಾಗವನ್ನು ಕಣ್ಣಿನಲ್ಲೇ ತೋರಿಸಿದಳು. ನಾನು ಮೆಲ್ಲಗೆ ಹೋಗಿ ನಿಂತುಕೊಂಡೆ. ಕಲಿಸುವುದೆಂದರೆ ಹೀಗೆ ಎಂದು ನನಗೆ ಅಂದು ಯಾರೂ ಹೇಳಬೇಕಾಗಿರಲಿಲ್ಲ.

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಭಾಗ್ಯಳಿಗೆ ಸೆಕೆಂಡ್ ಕ್ಲಾಸಿನ ಅಂಕ. ರಜೆ ಮುಗಿಯದಿದ್ದರೂ ಅಂದು ಮಗುವಿನೊಂದಿಗೆ ಬಂದಿದ್ದ ಇಂಗ್ಲಿಷ್ ಮೇಡಂಗೆ ಮುಖ್ಯೋಪಾಧ್ಯಾಯಿನಿ ಶಾಲು ಹೊದಿಸಿದರು. ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಒಳಗೆ ಕರೆದು ಇನ್ನೊಂದು ಹಾಳೆ ತೋರಿಸಿದರು. ಕನ್ನಡದಲ್ಲಿ ಮೂವರು ಫೇಲು, ಅದರಲ್ಲಿ ರೂಪಾಳೂ ಒಬ್ಬಳು. ಇಂಗ್ಲಿಷಿಗೆ ಸಮಯ ಸಾಲದೆ ನನ್ನ ಕನ್ನಡದ ಪೀರಿಯಡ್ಡುಗಳನ್ನೆಲ್ಲ ಅದಕ್ಕೇ ಸುರಿದಿದ್ದೆ. ಕನ್ನಡ ತಾಯಿನುಡಿ, ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದೆ. ಫಲಿತಾಂಶ ಕುಸಿದದ್ದಕ್ಕೆ ಕಾರಣವನ್ನು ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ.

ಈಗ ಆ ಮೂವರಿಗೆ ಎರಡನೆಯ ಪರೀಕ್ಷೆಗಾಗಿ ದಿನಾ ಬೆಳಿಗ್ಗೆ ಪಾಠ ಮಾಡುತ್ತಿದ್ದೇನೆ. ಗೆಳತಿಗೆ ಜೊತೆಯೆಂದು ಭಾಗ್ಯಳೂ ಬಂದು ಹಿಂದೆ ಕೂರುತ್ತಾಳೆ. ನಿನ್ನೆ ಸವರ್ಣದೀರ್ಘ ಸಂಧಿಯನ್ನು ಒಂದು ಗಂಟೆ ಬಿಡಿಸಿ ಹೇಳಿ, ಹೇಗಿತ್ತು ಎಂದು ಅವಳನ್ನೇ ಕೇಳಿದೆ. ಅವಳು ಬೇಜಾರು ಮಾಡಬಾರದೆಂದು ಸ್ವಲ್ಪ ಯೋಚಿಸಿ ಹೇಳಿದಳು.

‘ಇಂಗ್ಲಿಷ್ನ ಚೆಂದಾಗಿ ಯೋಳ್ಕೊಡ್ತಿದ್ರಿ ಸಾ.’

ಇಪ್ಪತ್ತಮೂರು ವರ್ಷದ ನನ್ನ ಕನ್ನಡ ಸೇವೆಗೆ ವಿದ್ಯಾರ್ಥಿಯೊಬ್ಬಳು ಬಾಯಿಬಿಟ್ಟು ಹೇಳಿದ ಮೊದಲ ಮೆಚ್ಚುಗೆ ಇದು. ಮನೆಯಾಕೆಗೆ ಇನ್ನೂ ಹೇಳಿಲ್ಲ.