ಮದುಮಗಳಿಗೆ ಹೀಟರ್ ಹಾಕಿದ್ದು

ನನ್ನ ಕಾರು ಹಳೆಯದು. ಆದರೆ ಅದರ ಎ.ಸಿ. ಬಗ್ಗೆ ನನಗೆ ಅಪಾರ ಹೆಮ್ಮೆಯಿತ್ತು. ಆದ್ದರಿಂದ ಹೆಂಡತಿಯ ಅಣ್ಣನ ಮಗಳು ರಕ್ಷಿತಾಳ ಮದುವೆಯ ದಿನ, ಅವಳನ್ನು ಮಣಿಪಾಲದ ಬ್ಯೂಟಿ ಪಾರ್ಲರ್‌ನಿಂದ ಕಾರ್ಕಳದ ಹಾಲ್‌ಗೆ ತಲುಪಿಸುವ ಘನ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದೆ.

"ಮೇ ತಿಂಗಳ ಸೆಕೆಗೆ ಮೇಕಪ್ ಇಳಿಯಬಾರದಲ್ವಾ? ನನ್ನ ಕಾರಿನಲ್ಲಿ ಮದುಮಗಳಿಗೆ ಶಾಲು ಬೇಕಾದೀತು!" ಎಂದು ಭಾವನಿಗೆ ಭರವಸೆ ಕೊಟ್ಟೆ.

ಹಿರಿಯಡ್ಕ ದಾಟಿದ್ದೇ ತಡ, ಎ.ಸಿ. ಕೈಕೊಟ್ಟಿತು.

"ಮಾವ, ಬಿಸಿ ಗಾಳಿ ಬರ್ತಾ ಉಂಟು," ಎಂದಳು ಹಿಂದಿನ ಸೀಟಿನಿಂದ ರಕ್ಷಿತಾ.

"ಗ್ಯಾಸ್ ಸ್ವಲ್ಪ ಕಡಿಮೆ ಇರಬೇಕು. ಈಗ ಸರಿಯಾಗ್ತದೆ," ಎಂದು ತಜ್ಞನ ಗಾಂಭೀರ್ಯದಿಂದ ಘೋಷಿಸಿ, ಗಾಳಿಯ ವೇಗ ಪೂರ್ತಿ ಏರಿಸಿದೆ. ಮೆಲ್ಲಗೆ ಬರುತ್ತಿದ್ದ ಬಿಸಿ ಗಾಳಿ ಈಗ ರಭಸದಿಂದ ಬಂತು! ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಟ್ಟೆ. ಎಂದೋ ಕೆಟ್ಟುಹೋಗಿದ್ದ ರೇಡಿಯೋ ಹಾಡತೊಡಗಿತು.

ಪಕ್ಕದಲ್ಲಿದ್ದ ಹೆಂಡತಿ ಶಶಿಕಲಾ ಕೇಳಿದಳು, "ಆ ಮುಳ್ಳು ಎಂತಕ್ಕೆ ಅಷ್ಟು ಮೇಲೆ ಉಂಟು?"

ಎಂಜಿನ್‌ನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಲು ಹೊರಟಿತ್ತು. ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಫ್ಯಾನ್ ತಿರುಗುತ್ತಿರಲಿಲ್ಲ. ಗ್ಯಾಸಿನ ತಪ್ಪೇನೂ ಇಲ್ಲ. ಎಂಜಿನ್ ವಿಪರೀತ ಬಿಸಿಯಾದ್ದರಿಂದ ಎ.ಸಿ. ತಾನಾಗಿಯೇ ನಿಂತಿತ್ತು. ಫ್ಯಾನಿನ ಫ್ಯೂಸ್ ಸುಟ್ಟುಹೋಗಿತ್ತು. ಪಕ್ಕದ ಇನ್ನೊಂದು ಫ್ಯೂಸ್ ಕಿತ್ತು ಅಲ್ಲಿಗೆ ಹಾಕಿದೆ. ಅದೂ ಸುಟ್ಟುಹೋಯಿತು. ಅದು ಕಿಟಕಿಯ ಗಾಜು ಇಳಿಸುವ ಫ್ಯೂಸ್ ಎಂಬ ಜ್ಞಾನ ಆಮೇಲೆ ಉದಯಿಸಿತು!

ಧಾರೆ ಮುಹೂರ್ತ ಹತ್ತಿರವಾಗುತ್ತಿತ್ತು. ಆಗ ಎಲ್ಲೋ ಕೇಳಿದ್ದ ಉಪಾಯ ನೆನಪಾಯಿತು: ಹೀಟರ್ ಹಾಕಿದರೆ ಎಂಜಿನ್‌ನ ಬಿಸಿಯೆಲ್ಲ ಕಾರಿನೊಳಗೆ ಬರುತ್ತದೆ, ಎಂಜಿನ್ ಉಳಿಯುತ್ತದೆ. ಸ್ವಲ್ಪ ಆರಲು ಬಿಟ್ಟು, ಹೀಟರ್ ಪೂರ್ತಿ ತಿರುಗಿಸಿ ಹೊರಟೆ.

ಉಪಾಯ ಸಂಪೂರ್ಣ ಯಶಸ್ವಿ! ಮುಳ್ಳು ಇಳಿಯಿತು. ರಕ್ಷಿತಾಳ ಕಾಡಿಗೆಯೂ ಇಳಿಯಿತು.

"ಮಾವ, ನಿಲ್ಲಿಸಿ! ನನ್ನನ್ನು ಬೇಯಿಸ್ತೀರಾ ಎಂತ?"

ಬೈಲೂರಿನಲ್ಲಿ ನಿಲ್ಲಿಸಿದೆ. ಹಿಂದಿನಿಂದ ಕಾರ್ಕಳದ ಬಸ್ಸು ಬರುತ್ತಿತ್ತು. ಶಶಿಕಲಾ ರಸ್ತೆಗಿಳಿದು ಕೈ ಅಡ್ಡ ಹಿಡಿದಳು.

"ಮುಂದೆ ಸೀಟು ಬಿಡಿ, ಮದುಮಗಳು ಬರ್ತಾರೆ!" ಎಂದು ಕಂಡಕ್ಟರ್ ಒಳಗೆ ತಿರುಗಿ ಕೂಗಿದ. ಇಡೀ ಬಸ್ಸು ಎದ್ದು ನಿಂತಿತು. ಯಾರೋ ಅಜ್ಜಿ ಆಗಲೇ ಸೆರಗಿನ ತುದಿಯಿಂದ ರಕ್ಷಿತಾಳ ಕೆನ್ನೆ ಒರೆಸತೊಡಗಿದ್ದರು.

"ನಾನು?" ಎಂದೆ.

"ನೀವು ಹೀಟರ್ ಹಾಕಿಕೊಂಡು ಬನ್ನಿ," ಎಂದು ಶಶಿಕಲಾ ಬಸ್ಸು ಹತ್ತಿದಳು.

ಬಂದೆ. ಹಾಲ್ ತಲುಪುವಾಗ ಧಾರೆ ಮುಗಿದು, ಊಟಕ್ಕೆ ಎಲೆ ಹಾಕಿಯಾಗಿತ್ತು. ಬಾಗಿಲಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬೆವರಿಗೆ ತೊಯ್ದು ಮೈಗಂಟಿದ ನನ್ನ ಅಂಗಿಯನ್ನು ನೋಡಿ ಗಾಬರಿಯಾದರು.

"ಎಂತ ಮಾರಾಯ್ರೆ, ದಾರಿಯಲ್ಲಿ ಮಳೆಯಾ?"

"ಹೌದು, ಬೈಲೂರಿನಲ್ಲಿ ಜೋರು," ಎಂದೆ.

ಅವರು ಅಂಗಳದ ಬಿಸಿಲನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದರು.

"ಕೂತುಕೊಳ್ಳಿ. ತಲೆಗೆ ಸ್ವಲ್ಪ ಗಾಳಿ ಬೀಳಲಿ."